ಭೀಮೆಯ ಮೀನು, ಕೃಷ್ಣೆಯ ನಂಟು

ಮುದ್ದೇಬಿಹಾಳಕ್ಕೆ ಬಂದ ನಾಲ್ಕನೆಯ ದಿನ ತೊಗರಿ ಹೊಲದಲ್ಲಿ ಮೀನು ಕಂಡೆ. ಹಿಂದಿನ ದಿನ ಜೋರು ಮಳೆಯಾಗಿತ್ತು. ಕಪ್ಪು ಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಕಲ್ಲಿನಷ್ಟು ಭಾರವಾಗಿತ್ತು. ಸಾಲುಗಳ ನಡುವೆ ಬೆರಳುದ್ದ ನೀರು ನಿಂತಿದೆ, ಆ ನೀರಿನಲ್ಲಿ ಹಾವಿನಂಥ ತಲೆಯ ಮೀನೊಂದು ಮೈ ತಿರುಚುತ್ತ, ಮಣ್ಣನ್ನು ಒತ್ತುತ್ತ, ಮುಂದೆ ಮುಂದೆ ಹೋಗುತ್ತಿದೆ. ಹತ್ತಿರದಲ್ಲಿ ಹೊಳೆಯಿಲ್ಲ, ಕೆರೆಯೂ ಕಾಣುವುದಿಲ್ಲ. ಅದು ಎಲ್ಲಿಂದ ಹೊರಟಿತ್ತೋ, ಎಲ್ಲಿಗೆ ಹೊರಟಿತ್ತೋ. ಹೊನ್ನಾವರದ ಶರಾವತಿ ಅಳಿವೆಯ ದಂಡೆಯಲ್ಲಿ ಹುಟ್ಟಿ, ಅಮ್ಮನ ಮೀನುಬುಟ್ಟಿಯ ಪಕ್ಕದಲ್ಲೇ ಬೆಳೆದ ನಾನು ಮೀನು ಹೊಲ ದಾಟುವುದನ್ನು ಅದೇ ಮೊದಲು ನೋಡಿದ್ದು.

ನಾನು ಇಲ್ಲಿಗೆ ಬಂದದ್ದೂ ಮೀನಿನ ಓಡಾಟ ತಿಳಿಯಲೆಂದೇ. ಈ ನಾಡಿನ ಬಡಗಣಕ್ಕೆ ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ ಹರಿಯುತ್ತಾಳೆ. ತೆಂಕಣಕ್ಕೆ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿನಲ್ಲಿ ಕೃಷ್ಣೆ. ಇಬ್ಬರೂ ಕೂಡುವುದು ಬಹಳ ದೂರ, ಮೂಡಣಕ್ಕೆ. ನಡುವೆ ಅಣೆಕಟ್ಟುಗಳಿವೆ. ಹಾಗಾದರೆ ಭೀಮೆಯ ಮೀನಿಗೂ ಕೃಷ್ಣೆಯ ಮೀನಿಗೂ ಈಗ ಸಂಬಂಧ ಉಳಿದಿದೆಯೇ? ಇದು ನಮ್ಮ ಅಧ್ಯಯನದ ಪ್ರಶ್ನೆ. ಆರಿಸಿಕೊಂಡದ್ದು ಅಂಗೈಯಗಲದ ಒಂದು ಬೆಳ್ಳಿ ಮೀನು. ಅದಕ್ಕೆ ಸಂತೆಯಲ್ಲಿ ಬೆಲೆಯಿಲ್ಲ, ಆದ್ದರಿಂದ ಯಾರೂ ಅದನ್ನು ತಂದು ಕೆರೆಗೆ ಬಿಡುವುದಿಲ್ಲ. ಎಲ್ಲಿ ಸಿಕ್ಕರೂ ತಾನೇ ಈಜಿ ಬಂದದ್ದು ಎಂದು ನಂಬಬಹುದು. ಹಿಡಿದು, ರೆಕ್ಕೆಯ ತುದಿಯ ಚೂರು ಕತ್ತರಿಸಿ ಸ್ಪಿರಿಟ್ಟಿನ ಬಾಟಲಿಗೆ ಹಾಕುವುದು, ಬೆನ್ನಿಗೆ ನಂಬರಿನ ಹಳದಿ ದಾರ ಪೋಣಿಸಿ ನೀರಿಗೆ ಬಿಡುವುದು, ಬಳಿಕ ಆ ದಾರ ಎಲ್ಲಿ ಮೇಲೆದ್ದೀತೆಂದು ಕಾಯುವುದು. ಚೂರುಗಳು ದೂರದ ಪ್ರಯೋಗಾಲಯಕ್ಕೆ ಹೋಗುತ್ತವೆ. ಯಾವುದು ಯಾವುದರ ಬಳಗ ಎಂದು ಅಲ್ಲಿ ಓದುತ್ತಾರೆ.

ಮನೆ ಸಿಗುವುದೇ ಕಷ್ಟವಾಯಿತು. ಕೆಲಸ ಏನೆಂದು ಹೇಳಿದ ಕೂಡಲೇ, ಕೋಣೆ ಬೇರೆ ಯಾರಿಗೋ ಕೊಟ್ಟಾಗಿದೆ ಅನ್ನುತ್ತಿದ್ದರು. ಕೊನೆಗೆ ಶಾಂತವ್ವನ ಅಂಗಳಕ್ಕೆ ಬಂದೆ. ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ, ತುಂಬಿದ ಮನೆ. ಹಿತ್ತಲ ಕಡೆ ಒಂದು ಕೋಣೆ ಖಾಲಿಯಿತ್ತು.

"ಮೀನ ಒಳಗ ಬರಂಗಿಲ್ಲ ನೋಡವಾ. ನಮ್ಮ ಮನ್ಯಾಗ ಅದು ನಡ್ಯೂದಿಲ್ಲ," ಅಂದರು.

"ತರುವುದಿಲ್ಲ. ಆದರೆ ಬಾಟಲಿ ಇಡಬೇಕಾಗ್ತದೆ."

"ಬಾಟ್ಲ್ಯಾಗ ಏನೈತಿ?"

ಸುಳ್ಳು ಹೇಳಿ ಕೋಣೆ ಹಿಡಿಯಬಹುದಿತ್ತು. ಹೇಳಲಿಲ್ಲ. ರೆಕ್ಕೆಯ ಚೂರು ಅಂದೆ, ಮೀನನ್ನು ಕೊಲ್ಲುವುದಿಲ್ಲ, ಕತ್ತರಿಸಿದ್ದು ಮತ್ತೆ ಬೆಳೆಯುತ್ತದೆ ಅಂದೆ. ಅವರು ಬಾಟಲಿಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಉಗುರು ಇದ್ದಂಗ ಅನ್ನು. ಇರ್ಲಿ. ಎಮ್ಮಿ ಕೊಟ್ಟಗ್ಯಾಗ ಹಲಗಿ ಐತಿ, ಅದರ ಮ್ಯಾಲ ಇಡು."

ಹಾಗೆ ಎರಡು ನದಿಗಳ ಮೀನಿನ ಗುರುತುಗಳು ಎಮ್ಮೆಗಳ ಉಸಿರಿನ ನಡುವೆ ಸಾಲಾಗಿ ನಿಂತವು.

ಭಾಷೆ ಒಂದೇ ಅಂದುಕೊಂಡು ಬಂದವಳು ನಾನು. ಮೊದಲ ವಾರ ಶಾಂತವ್ವ "ಲಗೂನ ಬಾ" ಅಂದಾಗ ಯಾರದೋ ಲಗ್ನಕ್ಕೆ ಕರೆಯುತ್ತಿದ್ದಾರೆಂದು ಒಳ್ಳೆಯ ಸೀರೆ ಉಟ್ಟು ಹೊರಟೆ. ಬೇಗ ಬಾ ಎಂದಷ್ಟೇ ಅರ್ಥವಂತೆ. ಸೊಸೆ ನಕ್ಕು ನಕ್ಕು ರೊಟ್ಟಿ ಹಂಚಿನ ಮೇಲೆಯೇ ಕರಕಾಯಿತು. ಇಲ್ಲಿಯವರ ಮಾತು ಮೊದಮೊದಲು ಬೈದಂತೆ ಕೇಳಿಸುತ್ತಿತ್ತು, ಬೈಗುಳವಲ್ಲ ಎಂದು ಕಿವಿಗೆ ತಿಳಿಯಲು ಒಂದು ಮಳೆಗಾಲ ಬೇಕಾಯಿತು. ನಾಲಗೆ ಅದಕ್ಕಿಂತ ನಿಧಾನ. ನಮ್ಮಲ್ಲಿ ಗಂಜಿ ಕುಡಿದು ಬೆಳೆದ ಬಾಯಿ. ಇಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಿಂಡಿ. ಹಿಂಡಿ ಎಂದರೆ ದನಕ್ಕೆ ಹಾಕುವುದಲ್ಲ, ಶೇಂಗಾ ಕುಟ್ಟಿದ ಖಾರದ ಪುಡಿ. ಅಮ್ಮ ಫೋನಿನಲ್ಲಿ ದಿನವೂ ಕೇಳುತ್ತಿದ್ದಳು, "ಮೀನು ತಿಂದ್ಯೇನೇ?" ದಿನವಿಡೀ ಮೀನು ಹಿಡಿದರೂ ತಿಂದಿಲ್ಲ ಅಂದರೆ ಅವಳಿಗೆ ನಂಬಿಕೆಯೇ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ಕಾಡಿದ್ದು ಗಾಳಿ. ನಮ್ಮಲ್ಲಿ ಗಾಳಿಗೆ ಉಪ್ಪಿದೆ, ತೇವವಿದೆ, ಅದು ಬಂದ ಕಡೆ ತಿರುಗಿದರೆ ಕಡಲು ಇರುತ್ತದೆ. ಇಲ್ಲಿ ಗಾಳಿ ಎಲ್ಲ ಕಡೆಯಿಂದಲೂ ಬರುತ್ತದೆ, ಯಾವ ಕಡೆಯೂ ಮುಗಿಯುವುದಿಲ್ಲ. ಒಮ್ಮೆ ತಾಳಿಕೋಟೆಯ ಹತ್ತಿರ ಡೋಣಿ ಹೊಳೆಗೆ ಇಳಿದಾಗ ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡೆ. ಉಪ್ಪು. ಆ ಹೊಳೆಯ ನೀರೇ ಹಾಗೆ, ಇಲ್ಲಿನ ಮಣ್ಣಿನ ಉಪ್ಪು. ಗೊತ್ತಿದ್ದೂ ಇನ್ನೊಮ್ಮೆ ಅದ್ದಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ದಂಡೆಯ ಜಾಲಿಗಿಡಗಳು ನಡುಗಿ ದೋಣಿಗಳಂತೆ ಕಂಡವು. ಎಷ್ಟು ಹೊತ್ತು ಕೂತಿದ್ದೆನೋ, ಬಸ್ಸು ತಪ್ಪಿತು.

ಹಳದಿ ದಾರ ಕಟ್ಟಿದ್ದು ಕೃಷ್ಣೆಯ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿ. ಅಲ್ಲಿಂದ ಹೊರಡುವ ಕಾಲುವೆಯ ನೀರು ಸಿಂದಗಿ, ಇಂಡಿಯ ಹೊಲಗಳವರೆಗೆ ಹೋಗುತ್ತದೆ, ದಾರಿಯ ಕೆರೆಗಳನ್ನು ತುಂಬುತ್ತದೆ. ಕೆರೆ ಕೋಡಿ ಬಿದ್ದರೆ ಹಳ್ಳ, ಹಳ್ಳ ಹರಿದರೆ ಭೀಮೆ. ಅಣೆಕಟ್ಟು ಮುಚ್ಚಿದ ದಾರಿಯನ್ನು ಕಾಲುವೆ ಬೇರೆ ಕಡೆಯಿಂದ ತೆರೆದಿರಬಹುದು ಎಂದು ನನಗನ್ನಿಸಿತ್ತು. ಅಧ್ಯಯನದ ಮುಖ್ಯಸ್ಥರಾದ ನಮ್ಮ ಸರ್ ನಂಬಿರಲಿಲ್ಲ. ಗೇಟು, ಇಳಿಜಾರು, ಬೇಸಿಗೆಯಲ್ಲಿ ಒಣಗುವ ಕಾಂಕ್ರೀಟು, ಇವನ್ನೆಲ್ಲ ದಾಟಿ ಸಣ್ಣ ಮೀನು ಬದುಕುತ್ತದೆಯೇ ಎನ್ನುತ್ತಿದ್ದರು. ಸಾಕ್ಷಿ ಸಿಗದಿದ್ದರೆ ಸಿಂದಗಿ ಕಡೆಯ ಕೆಲಸ ನಿಲ್ಲುತ್ತಿತ್ತು, ನನ್ನ ಕೆಲಸವೂ ಅದರೊಡನೆ.

ಸಾಕ್ಷಿ ಹುಡುಕಲು ಜೊತೆಯಾದವರು ಬಂದೇನವಾಜಣ್ಣ. ಹಿನ್ನೀರಿನಲ್ಲೂ ದಾರಿಯ ಕೆರೆಗಳಲ್ಲೂ ಮೀನು ಕೊಂಡು, ಮೋಟರ್‌ಸೈಕಲ್ಲಿನ ಹಿಂದೆ ಐಸಿನ ಪೆಟ್ಟಿಗೆ ಕಟ್ಟಿ, ಸಂತೆಯಿಂದ ಸಂತೆಗೆ ಹೋಗಿ ಮಾರುವವರು. ನಾಲ್ಕೂ ತಾಲೂಕಿನ ಕೆರೆಗಳು ಅವರಿಗೆ ಗೊತ್ತು. ನನ್ನ ಬೆಳ್ಳಿ ಮೀನಿಗೆ ಅವರು ಇಟ್ಟ ಹೆಸರು ಚಿಲ್ಲರೆ ಮೀನು. ದೊಡ್ಡ ಮೀನಿನ ಜೊತೆ ಬಲೆಗೆ ಬಿದ್ದದ್ದನ್ನು ಗುಡ್ಡೆ ಹಾಕಿ ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಿದ್ದರು. ಪ್ರತಿ ವಾರ ದೇವರ ಹಿಪ್ಪರಗಿ ಸಂತೆಯಲ್ಲಿ ನಾನು ಆ ಗುಡ್ಡೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬೆನ್ನು ನೋಡುತ್ತಿದ್ದೆ.

ಚಳಿ ಶುರುವಾಗುವ ಹೊತ್ತಿಗೆ ಒಂದು ದಿನ ಅವರು ಮುಷ್ಟಿ ಬಿಚ್ಚಿದರು. ಹಳದಿ ದಾರ, ಇನ್ನೂರ ಹದಿನಾಲ್ಕನೆಯ ನಂಬರು.

"ಎಲ್ಲಿ ಸಿಕ್ಕಿತು?"

"ಸಿಂದಗಿ ಆಚಿ ಕೆರ್ಯಾಗ್ರಿ," ಅಂದರು.

ಸಂತೆಯ ಗದ್ದಲ ದೂರ ಸರಿದಂತಾಯಿತು. ಬದನೆಕಾಯಿ ರಾಶಿಯ ಪಕ್ಕದಲ್ಲೇ ನಿಂತು ಸರ್‌ಗೆ ಫೋನು ಮಾಡಿದೆ. ಸರ್ ಖುಷಿಯಾದರು, ತಮ್ಮ ಮೇಲಿನವರಿಗೂ ತಿಳಿಸಿದರು. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಕಣ್ಣು ಮುಚ್ಚಿದರೆ ಆ ಪುಟ್ಟ ಮೀನು ಗೇಟಿನ ಸಂದಿನಿಂದ ಜಾರಿ, ಜೋಳದ ಹಸಿರಿನ ನಡುವೆ ಮೈಲಿಗಟ್ಟಲೆ ಹೋಗುತ್ತಿರುವುದು ಕಾಣುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಬಂದೇನವಾಜಣ್ಣ ಮನೆಗೆ ಬಂದರು. ಪೆಟ್ಟಿಗೆಯ ಗಾಡಿಯನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ, ಕಟ್ಟೆಯ ಅಂಚಿಗೆ ನಿಂತರು.

"ಅಕ್ಕಾರ, ಒಂದ್ ಮಾತ್ ಹೇಳ್ಬೇಕಾಗೇತಿ. ಆ ದಾರದ ಮೀನ ಕೆರೀದಲ್ರಿ. ಹಿನ್ನೀರಾಗಿಂದು. ನನ್ನ ಪೆಟ್ಟಿಗ್ಯಾಗ ಬಂದಿತ್ತು."

ಅವರು ತಲೆ ಎತ್ತದೆ ಮುಂದುವರಿಸಿದರು.

"ಮೂರು ತಿಂಗಳಾತು, ವಾರಾವಾರ ಬಂದು ಬರೇ ಮೀನಿನ ಬೆನ್ನ ನೋಡಿ ಹೋಗ್ತಿದ್ರಿ. ಒಂದ್ ಸಿಕ್ರ ನಿಮಗೂ ಸಮಾಧಾನ ಆಕ್ಕೇತಿ ಅಂತ ಅಂದ್ಬಿಟ್ಟೆ. ಇಷ್ಟು ದೊಡ್ಡ ಸುದ್ದಿ ಆಕ್ಕೇತಿ ಅಂತ ತಿಳೀಲಿಲ್ರಿ. ನಿದ್ದಿ ಬರವಲ್ದು."

ಕೋಪ ಬಂತು. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆಯೇ ನಾಚಿಕೆ ಬಂತು. ಯಾವ ಬಲೆ, ಯಾವ ದಿನ, ಹಿಡಿದವರು ಯಾರು, ಇದ್ಯಾವುದನ್ನೂ ನಾನು ಕೇಳಿರಲಿಲ್ಲ. ಕೇಳಲು ಮನಸ್ಸೇ ಇರಲಿಲ್ಲ. ಶಾಂತವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ನಿಮ್ಮ ಸರ್‌ಗೆ ಈಗ ಹೇಳು," ಅಂದರು ನನಗೆ. ಬಂದೇನವಾಜಣ್ಣನಿಗೆ, "ನೀ ಕುಂದ್ರಪಾ. ಚಾ ಮಾಡ್ತೇನಿ," ಅಂದರು.

ಆಗಲೇ ಸರ್‌ಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. "ಹೇಳಿದ್ದು ಒಳ್ಳೆಯದಾಯ್ತು. ಈ ಬೇಸಿಗೆಯವರೆಗೆ ನೋಡೋಣ. ಆಮೇಲೆ ಆ ಕಡೆ ನಿಲ್ಲಿಸೋಣ," ಅಂದರು. ತಿರುಗಿ ನೋಡಿದರೆ ಬಂದೇನವಾಜಣ್ಣ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು, ಕುಡಿದಿರಲಿಲ್ಲ. ನಾನು ಅವರ ಪಕ್ಕದಲ್ಲಿ ಕೂತೆ.

ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದು ನಿಂತಿತು. ಸಿಂದಗಿ ಆಚೆಯ ಆ ಕೆರೆ ಬತ್ತುತ್ತ ಬತ್ತುತ್ತ ನಡುವಿನ ಒಂದು ಮಡುವಿಗೆ ಇಳಿಯಿತು. ಬಂದೇನವಾಜಣ್ಣ ಆ ದಿನ ವ್ಯಾಪಾರ ಬಿಟ್ಟು ನನ್ನನ್ನು ಕರೆದುಕೊಂಡು ಹೋದರು. ಬಿರುಕುಬಿಟ್ಟ ಕೆರೆಯಂಗಳದ ಮೇಲೆ ಬೆಳಗಿನ ಬೆಳಕು ತೆಳುವಾಗಿ ಹರಡಿತ್ತು. ಕೆರೆಯ ಮೀನುಗಾರರು ಬಲೆ ಎಳೆದರು. ದಾರದ ಮೀನು ಒಂದೂ ಇರಲಿಲ್ಲ. ಆದರೆ ಬೆಳ್ಳಿ ಮೀನುಗಳಿದ್ದವು, ಯಾರೂ ತಂದು ಬಿಡದ ಚಿಲ್ಲರೆ ಮೀನುಗಳು, ಬಲೆಯ ತುಂಬ ಮಿಣುಕುತ್ತ. ನಾನು ಚೂರು ಕತ್ತರಿಸಿದೆ, ಅವರು ಬಾಟಲಿ ಹಿಡಿದರು, ಒಂದೊಂದಕ್ಕೂ ತಾವೇ ಕೇಳಿ ಬರೆಸಿದರು: "ಯಾವ ಕೆರಿ, ಯಾವ ದಿನ, ಯಾರ ಬಲಿ, ಎಲ್ಲಾ ಬರಕೋರಿ ಅಕ್ಕಾರ." ಅಲ್ಲಿಂದ ಮುಂದೆ ಭೀಮೆಗೂ ಹೋದೆವು, ಇಂಡಿಯ ಕಡೆಯ ದಂಡೆಯಲ್ಲಿ ಇನ್ನಷ್ಟು ಮೀನು ಹಿಡಿದೆವು.

ಫಲಿತಾಂಶ ಬಂದದ್ದು ಮುಂದಿನ ಮಳೆಗೆ. ಸರ್ ಫೋನಿನಲ್ಲಿ ನಿಧಾನವಾಗಿ ಓದಿದರು. ಆ ಕೆರೆಯ ಮೀನುಗಳಲ್ಲಿ ಬಹಳಷ್ಟು ಕೃಷ್ಣೆಯ ಬಳಗದವು. ಭೀಮೆಯ ದಂಡೆಯ ಕೆಲವು ಮೀನುಗಳಲ್ಲಿ ಎರಡೂ ನದಿಗಳ ಗುರುತಿತ್ತು. ಅಂದರೆ ಹೋದವು ಸುಮ್ಮನೆ ಹೋಗಿ ಸತ್ತಿಲ್ಲ, ಅಲ್ಲಿನವುಗಳೊಡನೆ ಕೂಡಿ ಮರಿ ಮಾಡಿವೆ. ಕಾಲುವೆಯೇ ದಾರಿ ಎಂದು ಇನ್ನೂ ಖಚಿತವಾಗಿ ಹೇಳಲಾಗದು, ಆದರೆ ಬೇರೆ ದಾರಿ ಕಾಣುವುದಿಲ್ಲ ಅಂದರು. ಕೆಲಸ ಮುಂದುವರಿಯಿತು.

ಶಾಂತವ್ವನಿಗೆ ಹೇಳಿದೆ. ಅವರ ತವರು ಇಂಡಿ ತಾಲೂಕಿನ ಭೀಮೆಯ ದಂಡೆಯ ಹಳ್ಳಿ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದರು.

"ಹೋಗಿ ಬರೂದು ಐತಿ ಅನ್ನು."

"ಹೋಗುವುದು ಉಂಟು. ಬರುವುದು ಗೊತ್ತಿಲ್ಲ. ಕಾಲುವೆಯಲ್ಲಿ ವಾಪಸು ಹತ್ತೋದು ಕಷ್ಟ."

ಅವರ ಕೈ ಒಂದು ಕ್ಷಣ ಹಿಟ್ಟಿನ ಮೇಲೆ ನಿಂತಿತು. "ಹೌದು, ಅದು ತ್ರಾಸ," ಅಂದರು, ಮತ್ತೆ ಬಡಿಯತೊಡಗಿದರು.

ಆ ಮಳೆಯಲ್ಲೇ ರಜೆ ಹಾಕಿ ಊರಿಗೆ ಬಂದೆ. ದೋಣಿಗಳು ಕಡಲಿಗೆ ಇಳಿಯದ ದಿನಗಳು. ಮಾಡಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಮೊದಲ ಎರಡು ದಿನ ಬಂಗಡೆಯ ಒಣಮೀನು ಸುಟ್ಟ ವಾಸನೆಗೇ ಹೊಟ್ಟೆ ತುಂಬಿತು. ಮೂರನೆಯ ದಿನ, ಇಷ್ಟೊಂದು ತೇವದಲ್ಲಿ ಉಸಿರಾಡುವುದು ಹೇಗೆ ಎಂದು ನನಗೇ ಅನ್ನಿಸಿತು. ಹೊರಡುವ ಹಿಂದಿನ ಸಂಜೆ ಶಾಂತವ್ವನ ಫೋನು ಬಂತು. ಬಾಟಲಿಗಳ ಹಲಗೆಯ ಮೇಲೆ ಮಳೆ ಸೋರುತ್ತಿದೆ, ಒಳಗೆ ತಂದು ಪಡಸಾಲೆಯಲ್ಲಿ ಇಟ್ಟಿದ್ದೇನೆ, ಯಾವಾಗ ಬರ್ತಿ ಎಂದು ಕೇಳಿದರು.

"ನಾಳೆ ಮನೀಗೆ ಬರ್ತೇನ್ರಿ," ಅಂದೆ.

ಅಮ್ಮ ಪಕ್ಕದಲ್ಲೇ ಕೂತು ನನ್ನ ಚೀಲ ತುಂಬುತ್ತಿದ್ದಳು.

"ಅದೂ ಮನೆಯೇನೇ?" ಅಂದಳು, ನಾನು ಫೋನು ಇಡುತ್ತಲೇ.

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಕಾಗದದಲ್ಲಿ ಸುತ್ತಿಟ್ಟಿದ್ದ ಒಣ ಸಿಗಡಿಯ ಪೊಟ್ಟಣವನ್ನು ತೋರಿಸಿ ಕೇಳಿದಳು.

"ಆ ಮನೆಯವರು ಇದನ್ನು ತಿನ್ನೋದಿಲ್ಲ ಅಲ್ವಾ?"

"ಇಲ್ಲ ಅಮ್ಮ."

ಪೊಟ್ಟಣವನ್ನು ಚೀಲದಿಂದ ಹೊರಗೆ ತೆಗೆದಳು. ಒಳಗೆ ಹೋಗಿ, ಈ ಬೇಸಿಗೆಯಲ್ಲಿ ತಾನೇ ಒಣಗಿಸಿದ್ದ ಮುರುಗಲ ಸಿಪ್ಪೆಯನ್ನು ಬೊಗಸೆ ತುಂಬ ತಂದು, ಆ ಜಾಗದಲ್ಲಿ ಒತ್ತಿ ಒತ್ತಿ ತುಂಬಿದಳು. "ಹುಣಸೆಯ ಬದಲು ಇದನ್ನು ಸಾರಿಗೆ ಹಾಕಬಹುದು ಅಂತ ಅವರಿಗೆ ಹೇಳು," ಅಂದಳು.