ಹಸಿರು ದಾರ ಕಟ್ಟಿದ ಕೊಳವೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೋರ್ಡೇ ಇಲ್ಲದ ಕಟ್ಟಡದ ಹಿಂಬಾಗಿಲಲ್ಲಿ ಕಾವಲುಗಾರ ಆಕಳಿಸುತ್ತಲೇ ಕೆಲಸಕ್ಕೆ ಬಂದ ಹೆಂಗಸಿನ ಚೀಲ ತಡಕುತ್ತಾನೆ. "ಇಷ್ಟು ವರ್ಷದಿಂದ ಹುಡುಕ್ತಿದ್ದೀಯಲ್ಲಪ್ಪ, ಊಟದ ಡಬ್ಬಿ ಬಿಟ್ಟು ಇನ್ನೇನಾದ್ರೂ ಸಿಕ್ತಾ?" ಎಂದು ರೇಗಿಸಿ ಒಳಗೆ ನಡೆಯುತ್ತಾಳೆ. ಕೈಗವಸು ಹಾಕಿಕೊಂಡು, ಕೆಲಸ ಮುಗಿದ ರಕ್ತದ ಕೊಳವೆಗಳನ್ನು ದೊಡ್ಡ ಕುಕ್ಕರಿನಂಥ ಹಬೆ ಪಾತ್ರೆಗೆ ಇಳಿಸಿ ಮುಚ್ಚಳ ಬಿಗಿಯುತ್ತಾಳೆ. ಎಲ್ಲ ಬೆಂದ ಮೇಲೆ ಕಸಕ್ಕೆ. ಇದೇ ಅವಳ ಉದ್ಯೋಗ.

ಬೀದಿಯವರು ಇದನ್ನು ಔಷಧದ ಗೋದಾಮು ಅಂದುಕೊಂಡಿದ್ದಾರೆ. ವಂಶಪಾರಂಪರ್ಯವಾಗಿ ಇಳಿದುಬರುವ ಕಾಯಿಲೆಗಳ ಮೂಲವನ್ನು ರಕ್ತದಲ್ಲಿ ಹುಡುಕುವ ಖಾಸಗಿ ಪ್ರಯೋಗಾಲಯವಿದು. ಇದನ್ನು ಕಟ್ಟಿದ ವಿಜ್ಞಾನಿ ಇಲ್ಲಿ ಎಲ್ಲರಿಗೂ 'ದೊಡ್ಡೋರು'. ಹೊರಗೆ ಬಾಯಿ ಬಿಟ್ಟವರಿಗೆ ಕೆಲಸವಿಲ್ಲ.

ಅವಳ ಮಾವನಿಗೆ ಮೊದಲು ಕೈ ನಡುಗಿತು, ಆಮೇಲೆ ಕಾಲು ಸೋತಿತು, ಕೊನೆಗೆ ಮಾತೂ ಹೋಯಿತು. ಗಂಡನಿಗೂ ಅದೇ ಗತಿ. ಆಗಲೇ ದೊಡ್ಡೋರು ಮನೆ ಹುಡುಕಿಕೊಂಡು ಬಂದದ್ದು. "ನಿಮ್ಮ ಮನೆ ರಕ್ತ ಬಂಗಾರ ಕಣಮ್ಮ, ಅಂದ್ರು. ಯಾರಿಗೆ ಬಂಗಾರ?" ಎಂದು ಈಗ ಕೇಳುತ್ತಾಳೆ. ಗಂಡ ತೀರಿಕೊಂಡ ಮೇಲೆ ಕೆಲಸ ಕೊಟ್ಟವರೂ ಅವರೇ. ಬಟ್ಟೆ ಹೊಲಿಯುವ ಒಬ್ಬಳೇ ಮಗಳ ರಕ್ತವನ್ನೂ ತೆಗೆದುಕೊಂಡರು. ಕಾಯಿಲೆ ಅವಳಿಗೆ ಇಳಿದಿದೆಯೋ ಇಲ್ಲವೋ ಹೇಳುತ್ತೇವೆಂದು ಮಾತು ಕೊಟ್ಟರು.

ತಾಯಿ ಕರುಳು ಎಡವಿದ್ದು ಅಲ್ಲೇ. ಸಾಲುಗಟ್ಟಿ ನಿಂತ ಕೊಳವೆಗಳ ಮೇಲೆಲ್ಲ ಬರೀ ನಂಬರು. ನಮ್ಮದು ಕಳೆದುಹೋದೀತೆಂದು ಹೆದರಿ, ಮಗಳ ಹೊಲಿಗೆ ಮಿಷನ್ನಿನ ಹಸಿರು ದಾರವನ್ನು ಅವಳ ರಕ್ತದ ಕೊಳವೆಯ ಕುತ್ತಿಗೆಗೆ ಕಟ್ಟಿಬಿಟ್ಟಳು. ಮನೆಗೆ ಬಂದು ಹೇಳಿದಾಗ ಮಗಳು ಬಿದ್ದು ಬಿದ್ದು ನಕ್ಕಳು. ಕೆಲವೇ ದಿನಗಳಲ್ಲಿ, ಬೆಳಗಿನ ಕಸದ ಚೀಲದಲ್ಲಿ ಹಸಿರು ದಾರ ಕಂಡಿತು. ಕೊಳವೆಯ ಸೀಲೇ ಒಡೆದಿರಲಿಲ್ಲ.

"ಓಡಿಹೋಗಿ ದೊಡ್ಡೋರನ್ನೇ ಕೇಳ್ದೆ. ಯಾರದ್ದು ಅಂತ ಗುರುತು ಸಿಗೋ ರಕ್ತ ನಾವು ಮುಟ್ಟಲ್ಲಮ್ಮ, ಅಂದ್ರು. ಇನ್ನೊಂದ್ಸಲ ತಗೊಳ್ಳಿ ಸಾರ್ ಅಂದೆ. ಆ ಕಾಯಿಲೆ ಕೆಲಸ ಮುಗೀತು, ಈಗ ಬೇರೆ ಕಾಯಿಲೆ ಹಿಡ್ಕೊಂಡಿದ್ದೀವಿ, ಅಂದ್ರು. ಹಿಡಿಯೋದು ಬಿಡೋದು ಅವರಿಗೆ ಎಷ್ಟು ಸಲೀಸು ನೋಡಿ!"

ಮಗಳ ರಕ್ತವನ್ನು ತನ್ನ ಕೈಯಾರೆ ಬೇಯಿಸಿ ಮನೆಗೆ ಹೋದಳು. ಮಗಳು ಬಾಗಿಲಲ್ಲೇ ಕಾದಿದ್ದಳು. "ಏನೂ ಇಲ್ವಂತೆ ಕಣೇ" ಎಂಬ ಮಾತು ಬಾಯಿಂದ ಜಾರಿಹೋಯಿತು. ಹುಡುಗಿ ಕುಣಿದಾಡಿದಳು. ಅದುವರೆಗೆ ಬೇಡವೆನ್ನುತ್ತಿದ್ದ ಮದುವೆಗೂ ಒಪ್ಪಿದಳು.

ಈಗ ಮದುವೆ ಹತ್ತಿರ ಬಂದಿದೆ. ಸೂಜಿಗೆ ದಾರ ಪೋಣಿಸುವಾಗ ಮಗಳ ಕೈ ತಪ್ಪುತ್ತಿದೆ. "ಕಣ್ಣು ಮಂಜಾಗಿದೆ ಕಣಮ್ಮ, ಕನ್ನಡಕ ಬೇಕು" ಅನ್ನುತ್ತಾಳೆ. ತಾಯಿಗೆ ಮಾವನ ಕೈ ನೆನಪಾಗುತ್ತದೆ. ಬೇರೆ ಕಡೆ ಪರೀಕ್ಷೆ ಮಾಡಿಸೋಣವೆಂದರೂ ಮೊದಲು ನಿಜ ಹೇಳಬೇಕು. ಅದಕ್ಕೆ ನಾಲಿಗೆ ಏಳುತ್ತಿಲ್ಲ.

ಇದನ್ನೆಲ್ಲ ಪೇಪರಿನಲ್ಲಿ ಬರೆದರೆ ನಿಮ್ಮ ಕೆಲಸ ಹೋಗುತ್ತದಲ್ಲ ಎಂದರೆ, ಪಾತ್ರೆಯ ಬಿಸಿ ಆರಲು ಕಾಯುತ್ತಾ ಹೇಳುತ್ತಾಳೆ: "ಹೋಗ್ಲಿ ಬಿಡಿ. ನನ್ನ ಹೆಸರು ಬೇಡ, ಅವಳದ್ದೂ ಬೇಡ. ಹಸಿರು ದಾರದ ವಿಷಯ ಮಾತ್ರ ಬಿಡದೆ ಬರೀರಿ. ಭಾನುವಾರದ ಪೇಪರ್ ಅವಳು ಓದೇ ಓದ್ತಾಳೆ."