ಕಾಗುಣಿತ ತಿದ್ದುಪಡಿ

ಬೀಗದಕ್ಕ ಎಂದರೆ ತಂತ್ರಾಂಶದ ಗುಂಪಿನಲ್ಲಿ ಎಲ್ಲರಿಗೂ ಉರಿ. ಹಗಲು ವಿಮಾ ಕಚೇರಿಯಲ್ಲಿ ಕೆಲಸ, ಸಂಜೆ ಚಪ್ಪಲಿ ಬಿಟ್ಟವಳೇ ಕಂಪ್ಯೂಟರಿನ ಮುಂದೆ. ಸಣ್ಣಪುಟ್ಟ ಮುದ್ರಣಾಲಯಗಳು ಪುಟ ಕಟ್ಟಲು ಬಳಸುವ ಒಂದು ಮುಕ್ತ ತಂತ್ರಾಂಶಕ್ಕೆ ಅವಳು ಹೊಸ ಆವೃತ್ತಿಗಳ ಬಿಡುಗಡೆಯ ಉಸ್ತುವಾರಿ. ಕೆಲಸ ಬಿಟ್ಟಿ, ಬೈಗುಳ ಬೊಗಸೆ ತುಂಬ.

ಬಿಡುಗಡೆಗೆ ಮುಂಚೆ ಅವಳು ತಂತ್ರಾಂಶದ ಕೋಡಿಗೆ ಬೀಗ ಹಾಕುತ್ತಿದ್ದಳು. ಫ್ರೀಜ್ ಎಂದರೆ ಫ್ರೀಜ್. ಹೊಸದೇನೂ ಒಳಗೆ ಬರುವಂತಿಲ್ಲ, ದೋಷ ಸರಿಪಡಿಸುವುದಿದ್ದರೂ ಅವಳು ನೋಡಿ ಒಪ್ಪಬೇಕು. ಪರದೆಯ ಮೇಲಿನ ಪದಗಳ ಕಾಗುಣಿತ ತಿದ್ದುವುದಕ್ಕೆ ಮಾತ್ರ ಅಪ್ಪಣೆ ಬೇಡ. "ಒಂದೇ ಒಂದು ಸಾಲು ಅಕ್ಕಾ" ಎಂದು ಗೋಗರೆದವರಿಗೆಲ್ಲ ಬಾಗಿಲಿಂದಲೇ ಬೀಳ್ಕೊಡುಗೆ. ಒಬ್ಬರಿಗೆ ಸಡಿಲ ಬಿಟ್ಟರೆ ಊರೆಲ್ಲ ನುಗ್ಗುತ್ತದೆ, ಆಮೇಲೆ ಯಾರದೋ ಪುಸ್ತಕ ಕೆಡುತ್ತದೆ ಎನ್ನುವುದು ಅವಳ ಹಟ.

ಬಗ್ಗದವನು ಒಬ್ಬನೇ, ಮಹಡಿಯ ಮೇಲಿದ್ದ ಅವಳ ಅಣ್ಣ. ತಂತ್ರಾಂಶ ಹುಟ್ಟುಹಾಕಿದವನು ಅವನು. ಅದನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಅಣ್ಣತಂಗಿ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಜಗಳವೆಲ್ಲ ಯೋಜನೆಯ ಜಾಲತಾಣದಲ್ಲಿ, ಅದೂ ಬಹುವಚನದಲ್ಲಿ. "ತಾವು ನಿಯಮ ಓದಿಕೊಳ್ಳಿ" ಎಂದು ಇವಳು ಕೆಳಗಿನಿಂದ ಬರೆದರೆ, "ನಿಯಮ ಬರೆದದ್ದೇ ನಾನು" ಎಂದು ಮೇಲಿನಿಂದ ಉತ್ತರ. ಮನೆಯ ಮಾತು ಮುಟ್ಟಿಸಲು ನಡುವೆ ಮೆಟ್ಟಿಲು ಹತ್ತಿಳಿದು ಅತ್ತಿಗೆಯ ಮಂಡಿ ಸವೆಯುತ್ತಿತ್ತು.

ಈ ಸಲ ಬೀಗ ಬಿದ್ದ ಮೇಲೆ ಅಣ್ಣನದೊಂದು ಬದಲಾವಣೆ ಒಳಗೆ ಬಂತು. ಅದರ ತಲೆಬರಹದಲ್ಲಿ "ಕಾಗುಣಿತ ತಿದ್ದುಪಡಿ" ಎಂದು ಬರೆದಿತ್ತು. ಬಿಡುಗಡೆಯ ಹಿಂದಿನ ದಿನ ಪರೀಕ್ಷಿಸುತ್ತಿದ್ದ ಮುದ್ರಕನೊಬ್ಬ ಪುಟಸಂಖ್ಯೆಗಳೇ ಮೂಡುತ್ತಿಲ್ಲ ಎಂದು ಬರೆದ. ಹುಡುಕಿದರೆ, ಅಣ್ಣ ಕಾಗುಣಿತದ ಹೆಸರಿನಲ್ಲಿ ಹೊಸ ಪುಟವಿನ್ಯಾಸವನ್ನೇ ತುರುಕಿದ್ದ. ಯಾವುದೋ ಸಮ್ಮೇಳನದಲ್ಲಿ ತೋರಿಸಿ ಮೆರೆಯಬೇಕಿತ್ತಂತೆ. ಅವಳ ಮೈಯೆಲ್ಲ ಉರಿದುಹೋಯಿತು. ಇಡೀ ಬದಲಾವಣೆಯನ್ನು ಬೇರುಸಹಿತ ಕಿತ್ತೆಸೆದಳು. ಕೋಡಿಗೆ ಕೈ ಹಾಕುವ ಅವನ ಅನುಮತಿಯನ್ನೂ ತೆಗೆದುಬಿಟ್ಟಳು.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅಣ್ಣ ಇಳಿದು ಬಂದ.

"ನಾನು ಕಟ್ಟಿದ್ರಿಂದ ನನ್ನೇ ಹೊರಗೆ ಹಾಕ್ತೀಯಾ?"

"ಸುಳ್ಳು ಹೇಳ್ಕೊಂಡು ಒಳಗೆ ಬಂದವರನ್ನ ಹಾಕ್ಲೇಬೇಕು."

"ತೆಗೆದಿದ್ದನ್ನ ಪೂರ್ತಿ ಓದಿದ್ಯಾ?"

"ನಿನ್ನ ಕಸ ಓದೋಕೆ ನನಗೆ ಪುರುಸೊತ್ತಿಲ್ಲ."

ಅಣ್ಣ ನಕ್ಕು ಮೇಲೆ ಹೋದ. ಆ ನಗು ಅವಳಿಗೆ ಹಿಡಿಸಲಿಲ್ಲ.

ಬಿಡುಗಡೆಯಾಯಿತು. ಅದರ ಬೆನ್ನಿಗೇ ದೂರುಗಳು ಬಂದವು. ಉಳಿಸಿದ ಕಡತವನ್ನು ಮತ್ತೆ ತೆರೆದರೆ ಕೊನೆಯ ಪುಟ ಮಾಯ. ಒಬ್ಬ ಮುದ್ರಕ ಕೊನೆಯ ಪುಟವಿಲ್ಲದೆ ಪುಸ್ತಕದ ಪ್ರತಿಗಳನ್ನೆಲ್ಲ ಹೊಲಿದು ಮುಗಿಸಿದ್ದ. ದೋಷ ಬೀಗದಕ್ಕನೇ ಬರೆದ ಕೋಡಿನದು. ಅಣ್ಣನ ನಗು ನೆನಪಾಗಿ ಅನುಮಾನ ಬಂದು, ಕಿತ್ತೆಸೆದದ್ದನ್ನು ಆಗ ಓದಿದಳು. ಅಣ್ಣನ ಆ ಆಡಂಬರದ ನಡುವೆಯೇ ಅವಳ ದೋಷಕ್ಕೆ ಪರಿಹಾರವಿತ್ತು. ಮೂರೇ ಸಾಲು, ಒಂದಕ್ಷರ ತಪ್ಪಿಲ್ಲ.

ಈಗ ಅವಳು ಮೆಟ್ಟಿಲು ಹತ್ತಿದಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಫ್ರೀಜ್ ಇತ್ತಲ್ವಾ," ಎಂದ ಅಣ್ಣ, ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ.

"ಆ ಮುದ್ರಕ ನಿನಗೇನು ಮಾಡಿದ್ದ?"

"ಕಸ ಅಂದಿದ್ದು ನೀನು. ನೀನೇ ಹೋಗಿ ಅವನಿಗೆ ಹೇಳು."

ಅವಳು ಕೆಳಗಿಳಿದು ಬಂದು ಆ ಮೂರು ಸಾಲನ್ನು ಅಣ್ಣನ ಹೆಸರಿನಲ್ಲೇ ಸೇರಿಸಿ ಮರುಬಿಡುಗಡೆ ಮಾಡಿದಳು. ತಪ್ಪು ನನ್ನದು ಎಂದು ಮುದ್ರಕನಿಗೆ ಬರೆದು ಕ್ಷಮೆ ಕೇಳಿದಳು. ಅಣ್ಣನಿಗೆ ಅನುಮತಿ ಮಾತ್ರ ಕೊಡಲಿಲ್ಲ.