ಕಣ್ಣು ಹೊಡೆಯುವ ದೀಪ

ನಮ್ಮ ಅತ್ತೆಗೆ ಸೈಕಲ್ ಕಲಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಆಮೇಲೆ ಆದದ್ದಕ್ಕೆಲ್ಲ ನಮ್ಮ ಮನೆಯವರು ಬೆರಳು ತೋರಿಸಿದ್ದು ನನ್ನ ಕಡೆಗೇ.

ಅತ್ತೆಗೆ ಆಗ ಐವತ್ತೆರಡು. ಹಂಪಿ ನೋಡಲು ಬಂದವರು ಉಳಿಯುವ ಕಮಲಾಪುರದ ಒಂದು ಗೆಸ್ಟ್ ಹೌಸಿನಲ್ಲಿ ಅವರಿಗೆ ಅಡುಗೆ ಕೆಲಸ ಸಿಕ್ಕಿತ್ತು. ಮಲಪನಗುಡಿಯ ನಮ್ಮ ಮನೆಯಿಂದ ಅಲ್ಲಿಗೆ ಆಟೋದಲ್ಲಿ ಹೋಗಬೇಕು. ಆಟೋದವನು ಜನ ತುಂಬುವ ತನಕ ಹೊರಡುವುದಿಲ್ಲ, ತುಂಬಿದ ಮೇಲೆ ಅತ್ತೆಯನ್ನು ತನ್ನ ಪಕ್ಕದ ಅರ್ಧ ಸೀಟಿಗೆ ತುರುಕುತ್ತಾನೆ. ಒಂದು ದಿನ ಇಳಿದು ಬಂದವರೇ, "ಇನ್ನ ನಾ ಆ ಡಬ್ಬಿಯೊಳಗ ಕುಂದ್ರಂಗಿಲ್ಲವ್ವ. ಬೇಕಾರ ನಡಕೊಂತ ಹೋಕ್ಕೀನಿ" ಅಂದರು. ಗೆಸ್ಟ್ ಹೌಸಿನವರು ಬಾಡಿಗೆಗೆ ಇಟ್ಟಿದ್ದ ಸೈಕಲ್ಲುಗಳಲ್ಲಿ ಮುಂದೆ ಬುಟ್ಟಿ ಇರುವ ಒಂದು ಹಳೆಯ ಲೇಡೀಸ್ ಸೈಕಲ್ ಮೂಲೆಗೆ ಬಿದ್ದಿತ್ತು. ಕೇಳಿದ್ದಕ್ಕೆ ಅದನ್ನು ಅವರಿಗೇ ಕೊಟ್ಟುಬಿಟ್ಟರು. ಆಮೇಲೆ ಭಾನುವಾರ ಬಂತೆಂದರೆ ಊರ ಹೊರಗಿನ ಬಯಲಿನಲ್ಲಿ ನಾನು ಕ್ಯಾರಿಯರ್ ಹಿಡಿದುಕೊಂಡು ಅವರ ಹಿಂದೆ ಓಡುವುದೇ ಆಯಿತು. ಅತ್ತೆ ಬಿದ್ದರು, ಎದ್ದರು, ಪ್ರತಿ ಸಲವೂ ನನ್ನನ್ನೇ ಬೈದರು. ಒಂದು ಭಾನುವಾರ ನಾನು ಕೈ ಬಿಟ್ಟದ್ದು ಗೊತ್ತಾಗದೆ, ನನ್ನ ಜೊತೆ ಮಾತಾಡುತ್ತಲೇ ಬಯಲಿನ ಆ ತುದಿ ಮುಟ್ಟಿಬಿಟ್ಟಿದ್ದರು.

ಮದುವೆಯಾದಾಗಿನಿಂದ ಅವರನ್ನು ಎಲ್ಲಿಗಾದರೂ ಯಾರಾದರೂ ಕರೆದುಕೊಂಡು ಹೋಗಬೇಕಿತ್ತು. ಮೊದಲು ಮಾವ, ಮಾವ ಹೋದ ಮೇಲೆ ಮಗ. ಈಗ ನಮ್ಮ ಓಣಿಯ ತಿರುವಿನಲ್ಲಿ ಬೇಕಿಲ್ಲದಿದ್ದರೂ ನಾಲ್ಕು ಸಲ ಬೆಲ್ ಹೊಡೆದುಕೊಂಡು ಹೋಗುವ ಅತ್ತೆಯನ್ನು ನೋಡಿದರೆ ನನಗೆ ಎಷ್ಟು ಸಂತೋಷವಾಗುತ್ತಿತ್ತು ಎಂದರೆ, ನಾನೇ ಹೆತ್ತ ಮಗಳು ಶಾಲೆಯಲ್ಲಿ ಫಸ್ಟ್ ಬಂದ ಹಾಗೆ.

ತೊಂದರೆ ಇದ್ದದ್ದು ವಾಪಸ್ ಬರುವ ಹೊತ್ತಿನಲ್ಲಿ. ರಾತ್ರಿಯ ಊಟಕ್ಕೆ ಎಲ್ಲ ಸಿದ್ಧ ಮಾಡಿಟ್ಟು ಹೊರಡುವಾಗ ಕತ್ತಲಾಗಿರುತ್ತದೆ. ನಮ್ಮ ಮನೆಯವರು ಸಂಡೂರಿನ ಗಣಿ ಕೆಲಸಗಾರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ಪಾಳಿ ಮುಗಿಸಿದವರನ್ನು ಹೊಸಪೇಟೆ, ಕಮಲಾಪುರ ಅಂತ ಇಳಿಸುತ್ತಾ ಕಂಪ್ಲಿಯವರೆಗೂ ಹೋಗಿ, ಖಾಲಿ ಬಸ್ಸು ತಂದು ನಮ್ಮೂರಲ್ಲಿ ನಿಲ್ಲಿಸುತ್ತಾರೆ. ಆ ಶನಿವಾರ ಕಂಪ್ಲಿಯಿಂದ ಬರುತ್ತಿದ್ದಾಗ, ಕಮಲಾಪುರ ದಾಟಿ ಬಾಳೆ ತೋಟಗಳ ನಡುವಿನ ಕತ್ತಲ ದಾರಿಯಲ್ಲಿ, ಎದುರಿನಿಂದ ಬಂದ ಭತ್ತದ ಲಾರಿಯೊಂದು ಕಣ್ಣಿಗೆ ಲೈಟ್ ಹೊಡೆಯಿತು. ಲಾರಿ ಪಕ್ಕಕ್ಕೆ ಸರಿದದ್ದೇ ತಡ, ಬಸ್ಸಿನ ಮೂತಿಯ ಮುಂದೆ ಒಂದು ಸೈಕಲ್. ಸ್ಟೇರಿಂಗ್ ಎಳೆದು, ಬಸ್ಸು ನಿಲ್ಲಿಸಿ, ಕೆಳಗೆ ಹಾರಿ, "ಯಾರಲೇ ಅದು? ಸಾಯಾಕ ನನ್ನ ಬಸ್ಸೇ ಬೇಕಾಗಿತ್ತೇನು?" ಎಂದು ಕೂಗಿದ್ದಾರೆ.

ಸೈಕಲ್ಲಿನಿಂದ ಇಳಿದು, ಸೆರಗು ಸರಿಮಾಡಿಕೊಂಡು, ಕತ್ತಲಿನಿಂದ ಉತ್ತರ ಬಂದಿದೆ: "ನಾನಪ್ಪಾ. ನಿಮ್ಮವ್ವ."

ನಾನು ಹೊಸಪೇಟೆಯ ಝೆರಾಕ್ಸ್ ಅಂಗಡಿಯ ಕೆಲಸ ಮುಗಿಸಿ ಮನೆಗೆ ಬಂದಾಗ ತಾಯಿ ಮಗ ಎದುರು ಬದುರು ಕೂತಿದ್ದರು.  

"ನಾಳಿಂದ ಸೈಕಲ್ ಬಂದ್," ಅಂದರು ನಮ್ಮ ಮನೆಯವರು.

"ನನಗ ದಾರಿ ಕಾಣತೈತಿ," ಅಂದರು ಅತ್ತೆ. "ಆ ದಾರಿಯಾಗಿನ ಒಂದೊಂದು ತಗ್ಗೂ ಗೊತ್ತೈತಿ ನನಗ."

"ಬ್ಯಾಡ ಅಂದ್ರ ಬ್ಯಾಡ."

ಅತ್ತೆ ಎದ್ದು ಹೋಗಿ ಹಳೆಯ ಬಟ್ಟೆಯಿಂದ ಸೈಕಲ್ ಒರೆಸತೊಡಗಿದರು. ಹ್ಯಾಂಡಲ್ ಒರೆಸಿದರು, ಸೀಟ್ ಒರೆಸಿದರು, ಬೆಲ್ಲನ್ನು ಸದ್ದಾಗದ ಹಾಗೆ ಹಿಡಿದುಕೊಂಡು ಒರೆಸಿದರು. ಅದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಹೊಸಪೇಟೆಯಲ್ಲಿ ಝೆರಾಕ್ಸಿಗೆ ಬರುವ ಎಲ್ಲರಿಗೂ ಗೊತ್ತಿರುವಂಥದ್ದೇ. "ಒಂದು ವಾರ ಟೈಮ್ ಕೊಡ್ರಿ," ಅಂದೆ. "ಲೈಟ್ ಹಾಕಸ್ತೀನಿ. ಮುಂದಿನ ಶನಿವಾರ ಬಸ್ಸಿನ್ಯಾಗ ಕುಂತು ನೀವ ನೋಡಿ ಹೇಳ್ರಿ."

"ಶನಿವಾರ ನನಗ ಸರಿ ಅನಸಲಿಲ್ಲ ಅಂದ್ರ ಸೈಕಲ್ ಮಾರಿಬಿಡ್ತೀನಿ," ಅಂದರು. ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಸೋಮವಾರ ಊಟದ ಹೊತ್ತಿನಲ್ಲಿ ನಮ್ಮ ಅಂಗಡಿಯ ಹಿಂದಿನ ರಸ್ತೆಯ ಸೈಕಲ್ ಶಾಪಿಗೆ ಹೋದೆ. ಅಂಗಡಿಯವರು ವಯಸ್ಸಾದವರು, ಮಾತು ಕಡಿಮೆ. "ಜಲ್ದಿ ಒಂದು ಛಲೋ ಲೈಟ್ ಕೊಡ್ರಿ ಅಣ್ಣಾ, ಭಾಳ ತುಟ್ಟಿದು ಬ್ಯಾಡ," ಅಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದರು: "ದಾರಿ ಕಾಣಾಕ ಬೇಕೋ, ನೀವು ಕಾಣಾಕ ಬೇಕೋ?"

ಅಲ್ಲಿಯ ತನಕ ನನಗೆ ಹೊಳೆದೇ ಇರಲಿಲ್ಲ. ಅತ್ತೆ "ನನಗ ಕಾಣತೈತಿ" ಅಂದದ್ದೂ ನಿಜ, ಮಗನಿಗೆ ಅತ್ತೆ ಕಾಣಲಿಲ್ಲ ಅನ್ನುವುದೂ ನಿಜ. ಒಂದೇ ಮಾತು ಹಿಡಿದುಕೊಂಡು ತಾಯಿ ಮಗ ಬೇರೆ ಬೇರೆ ಜಗಳ ಆಡಿದ್ದರು.

"ಎರಡೂ," ಅಂದೆ.

ಅವರು ಡೈನಮೊ ತೋರಿಸಿದರು. ಗಾಲಿಗೆ ಉಜ್ಜಿಕೊಂಡು ಉರಿಯುವುದು, ಚಾರ್ಜು ಸೆಲ್ಲು ಏನೂ ಬೇಡ. ಆದರೆ ಪೆಡಲ್ ಭಾರವಾಗುತ್ತದೆ, ಸೈಕಲ್ ನಿಲ್ಲಿಸಿದರೆ ದೀಪವೂ ನಿಲ್ಲುತ್ತದೆ. ಅತ್ತೆ ದಾರಿಯಲ್ಲಿ ಗುರುತಿನವರು ಸಿಕ್ಕರೆಂದರೆ ನಿಲ್ಲುವವರೇ, ಅದು ಬೇಡ ಅಂದೆ. ರಬ್ಬರಿನ ಪಟ್ಟಿಯ ಪುಟಾಣಿ ಲೈಟುಗಳಿದ್ದವು. ಅಗ್ಗ, ಆದರೆ ಅದರ ಗುಂಡಿಯಂಥ ಸೆಲ್ ಮುಗಿದರೆ ನಮ್ಮೂರಲ್ಲಿ ಸಿಗುವುದಿಲ್ಲ. ಒಂದು ದೊಡ್ಡ ಟಾರ್ಚಿನಂಥದು ನನಗೆ ಭಾಳ ಇಷ್ಟವಾಯಿತು. ಹಚ್ಚಿದರೆ ಎದುರಿನ ಅಂಗಡಿಯ ಬೋರ್ಡೆಲ್ಲ ಬೆಳಗಿತು. "ಇದು ಎದುರು ಬರೋರ ಕಣ್ಣು ಕಳೀತೈತಿ ಅಕ್ಕಾ," ಅಂದರು ಅವರು. ಭತ್ತದ ಲಾರಿಯ ನೆನಪಾಗಿ ಕೆಳಗಿಟ್ಟೆ. ಕೊನೆಗೆ ಆರಿಸಿದ್ದು ಮೊಬೈಲ್ ಚಾರ್ಜರಿಗೇ ಹಾಕಬಹುದಾದ ಒಂದು ಜೋಡಿ: ಮುಂದಕ್ಕೆ ಬಿಳಿ ಲೈಟು, ಅದರ ಬೆಳಕು ಕೆಳಗೆ ದಾರಿಯ ಮೇಲೆ ಬೀಳುವ ಹಾಗೆ ಬಗ್ಗಿಸಬಹುದು; ಹಿಂದಕ್ಕೆ ಮಿಣಮಿಣ ಮಿನುಗುವ ಕೆಂಪು ಲೈಟು. "ದುಡ್ಡು ಕಡಿಮಿ ಇದ್ರ ಮುಂದಿಂದು ಬಿಡ್ರಿ, ಹಿಂದಿಂದು ಬಿಡಬ್ಯಾಡ್ರಿ" ಎಂದು ಹೇಳಿ, ಎರಡಕ್ಕೂ ಸೇರಿ ನಾನು ಒಂದು ಸೀರೆಗೆ ಫಾಲ್ ಹಚ್ಚಿಸಿ ಬ್ಲೌಸ್ ಹೊಲಿಸುವಷ್ಟೇ ತೆಗೆದುಕೊಂಡರು.

ಕೆಂಪು ಲೈಟು ನೋಡಿ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. "ಇದೇನವ್ವ, ಕಣ್ಣು ಹೊಡಿತೈತಿ! ನನ್ನ ವಯಸ್ಸಿಗೆ ಇದನ್ನ ಕಟಗೊಂಡು ಅಡ್ಡಾಡಲೇನು?" ಆದರೂ ಕಟ್ಟಿಸಿಕೊಂಡರು. ಗೆಸ್ಟ್ ಹೌಸಿನ ಹೊರಗೆ ಯಾರಾದರೂ ಕಿತ್ತುಕೊಂಡು ಹೋದಾರು, ಹೋದ ಕೂಡಲೆ ಎರಡನ್ನೂ ಬಿಚ್ಚಿ ಬುಟ್ಟಿಯಲ್ಲಿ ಹಾಕಿಕೊಳ್ಳಿ, ಮನೆಗೆ ಬಂದಾಗಲೂ ಬಿಚ್ಚಿ ಒಳಗಿಡಿ, ಬೆಳಿಗ್ಗೆ ನಾನು ಚಾರ್ಜಿಗೆ ಹಾಕುತ್ತೇನೆ ಎಂದು ಹೇಳಿಕೊಟ್ಟೆ. ಮಂಗಳವಾರ ಜೋರಾಗಿ ಹೋಗಿ ಬಂದರು. ಬುಧವಾರ ಅರ್ಧ ದಾರಿಯಲ್ಲಿ ಎರಡೂ ಲೈಟು ಕೈಕೊಟ್ಟವು. ಅತ್ತೆ ಸೈಕಲ್ ತಳ್ಳಿಕೊಂಡು, ರಸ್ತೆ ಬಿಟ್ಟು ಮಣ್ಣಿನ ಅಂಚಿನಲ್ಲಿ ನಡೆದು ಮನೆ ಸೇರಿದರು. ನಮ್ಮ ಮನೆಯವರು ಗೋಡೆಗೆ ಒರಗಿದ್ದ ಸೈಕಲ್ಲನ್ನು ಒಮ್ಮೆ ನೋಡಿ ಒಳಗೆ ಹೋದರು, ಅಷ್ಟೆ. ಮಾರುವವರು ನೋಡುವ ಹಾಗೆ ನೋಡಿದರು.

ಅವತ್ತು ರಾತ್ರಿಯಿಡೀ ಲೈಟುಗಳನ್ನು ಚಾರ್ಜಿಗೆ ಹಾಕಿ, ಗುರುವಾರ ಅತ್ತೆಯನ್ನು ಆಟೋ ಹತ್ತಿಸಿ, ನಾನು ಸೈಕಲ್ ಶಾಪಿಗೆ ನುಗ್ಗಿದೆ. ಏನೇನು ಅಂದೆನೋ ಈಗ ನೆನಸಿಕೊಂಡರೆ ನಾಚಿಕೆಯಾಗುತ್ತದೆ. ಹೆಣ್ಣುಮಕ್ಕಳು ಅಂತ ಕೆಟ್ಟ ಮಾಲು ಕೊಟ್ಟಿರೇನು ಅಂದದ್ದಂತೂ ನೆನಪಿದೆ. ಅಂಗಡಿಯವರು ಎರಡೂ ಲೈಟು ಹಚ್ಚಿ ಗಲ್ಲಾಪೆಟ್ಟಿಗೆಯ ಮೇಲಿಟ್ಟು, "ಮಧ್ಯಾಹ್ನ ಬರ್ರಿ" ಅಂದರು. ಮಧ್ಯಾಹ್ನ ಹೋದರೆ ಬಿಳಿಯದು ಬೆಳಗುತ್ತಲೇ ಇದೆ, ಕೆಂಪನೆಯದು ನನ್ನನ್ನೇ ನೋಡಿ ಕಣ್ಣು ಹೊಡೆಯುತ್ತಿದೆ.

"ಅಕ್ಕಾ, ಮನಿಗೆ ಬಂದಮ್ಯಾಲೆ ಇವನ್ನ ಯಾರು ಆರಸ್ತಾರ?"

ಹಚ್ಚುವುದನ್ನು ಹೇಳಿಕೊಟ್ಟಿದ್ದೆ. ಬಿಚ್ಚುವುದನ್ನು ಹೇಳಿಕೊಟ್ಟಿದ್ದೆ, ಒಳಗಿಡುವುದನ್ನು ಹೇಳಿಕೊಟ್ಟಿದ್ದೆ. ಆರಿಸುವುದನ್ನು ಹೇಳಿರಲಿಲ್ಲ. ರಾತ್ರಿಯೆಲ್ಲ ಉರಿದು ಖಾಲಿಯಾದವಕ್ಕೆ ನಾನು ಕೆಲಸಕ್ಕೆ ಹೊರಡುವ ಮುಂಚೆ ಹಾಕುವ ಚೂರು ಚಾರ್ಜು ಎಲ್ಲಿ ಸಾಕಾದೀತು?

ಶುಕ್ರವಾರ ಬೇಗ ಮನೆಗೆ ಬಂದು ಕಾದೆ. ಅತ್ತೆ ಬಂದರು, ಸೈಕಲ್ ನಿಲ್ಲಿಸಿದರು, ಲೈಟು ಬಿಚ್ಚಿದರು. ಉರಿಯುತ್ತಿದ್ದ ಬಿಳಿ ಲೈಟನ್ನು ತಾವು ಮಲಗುವ ಕೋಣೆಯಲ್ಲಿರುವ ದೇವರ ಗೂಡಿಗೆ ತೆಗೆದುಕೊಂಡು ಹೋಗಿ, ಎಣ್ಣೆ ದೀಪದ ಪಕ್ಕದಲ್ಲಿಟ್ಟು ಕೈ ಮುಗಿದರು. ಕೆಂಪನೆಯದನ್ನು ಮಾತ್ರ ಗೂಡಿನ ಹೊರಗೆ, ಗೋಡೆಯ ಕಡೆಗೆ ಮುಖ ಮಾಡಿ ಇಟ್ಟರು.

"ಅತ್ತಿ, ಇದೇನ್ರಿ ಇದು?"

"ಕಣ್ಣು ಹೊಡಿಯೋದನ್ನ ದೇವರ ಮುಂದ ಇಡಾಕ ಬರತೈತೇನವ್ವ?"

"ಅದಲ್ರಿ. ಆರಿಸಿ ಇಡಬೇಕಿತ್ತಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ನಮ್ಮ ಮನೆಯಲ್ಲಿ ಸಂಜೆಯ ದೀಪವನ್ನು ಯಾರೂ ಊದುವುದಿಲ್ಲ, ಆರಿಸು ಅನ್ನುವ ಮಾತನ್ನೂ ಆಡುವುದಿಲ್ಲ. ಅದು ತಾನಾಗಿ ಶಾಂತವಾಗಬೇಕು. ಇದು ನನಗೂ ಗೊತ್ತು, ಬಲ್ಬಿನ ಸ್ವಿಚ್ಚಿಗೆ ಅದು ಲೆಕ್ಕವಿಲ್ಲ ಅನ್ನುವುದು ಅತ್ತೆಗೂ ಗೊತ್ತು. "ಬಲ್ಬಿನ ಮಾತು ಬ್ಯಾರೆ," ಅಂದರು ಅವರು ನನ್ನ ಮನಸ್ಸು ತಿಳಿದವರ ಹಾಗೆ. "ಇದು ಕತ್ತಲಾಗ ನನ್ನ ಕೈ ಹಿಡಕೊಂಡು ಮನಿ ತನಕ ಬಂದೈತಿ. ಬಂದ ಕೂಡಲೆ ಫಟ್ ಅಂತ ಆರಸಾಕ ಕೈ ಬರಂಗಿಲ್ಲವ್ವ."

ನನ್ನ ಕಣ್ಣು ತುಂಬಿತು. ಸಿಟ್ಟಿನವರಿಗೆ ಅಳುವೂ ಬೇಗ ಬರುತ್ತದೆ. ಅಂಗಡಿಯವರನ್ನು ಬೈದದ್ದು, ಚಾರ್ಜರನ್ನು ಬೈದದ್ದು ಎಲ್ಲ ನೆನಪಾಗಿ ಜೊತೆಗೇ ನಗುವೂ ಬಂತು. ಅತ್ತೆಯ ಪಕ್ಕ ಕೂತು, "ಇದನ್ನ ಆರಸೋದು ಬ್ಯಾಡ್ರಿ ಅತ್ತಿ, ಮಲಗಸ್ರಿ," ಅಂದೆ. "ದಿನಾ ನಿಮ್ಮ ಜೋಡಿ ಅಷ್ಟು ದೂರ ಬರತೈತಿ. ರಾತ್ರಿಯೆಲ್ಲ ಎಚ್ಚರಿದ್ರ ಮರುದಿನ ಎಲ್ಲಿ ಶಕ್ತಿ ಇರತೈತಿ?" ಗುಂಡಿ ಒತ್ತಿ ಹಿಡಿದು ತೋರಿಸಿದೆ. ಅತ್ತೆ ಲೈಟನ್ನು ಅಂಗೈಯಲ್ಲಿಟ್ಟುಕೊಂಡು, "ಮಲಕೋ ಹಂಗಾರ," ಎಂದು ಗುಂಡಿ ಒತ್ತಿದರು. ಆಮೇಲೆ ಗೋಡೆಗೆ ಮುಖ ಮಾಡಿದ್ದ ಕೆಂಪನೆಯದನ್ನೂ ಮಲಗಿಸಿದರು.

ಶನಿವಾರ ನಾನು ಊರ ತಿರುವಿನಲ್ಲೇ ಹೋಗಿ ನಿಂತೆ. ಬಾಳೆ ತೋಟದ ಆಚೆಯಿಂದ ಮೊದಲು ಬಿಳಿ ಲೈಟಿನ ಒಂದು ಚುಕ್ಕೆ ಕಂಡಿತು. ಅದರ ಹಿಂದೆ, ಎತ್ತರದಲ್ಲಿ, ಬಸ್ಸಿನ ಎರಡು ದೊಡ್ಡ ಲೈಟು.  ಬಸ್ಸು ಈಗ ಮುಂದೆ ಬರುತ್ತದೆ, ಈಗ ಮುಂದೆ ಬರುತ್ತದೆ ಎಂದು ನೋಡುತ್ತಿದ್ದೇನೆ, ಬಸ್ಸು ಮುಂದೆ ಬರಲೇ ಇಲ್ಲ. ಸೈಕಲ್ ಬಂದ ವೇಗದಲ್ಲೇ, ಇಷ್ಟು ದೂರ ಬಿಟ್ಟುಕೊಂಡು, ಹಾರನ್ ಹೊಡೆಯದೆ ಹಿಂದೆ ಹಿಂದೆಯೇ ಬಂತು. ಅತ್ತೆ ಒಂದು ಕೈ ಬಿಟ್ಟು ಮುಂದೆ ಹೋಗು, ಮುಂದೆ ಹೋಗು ಎಂದು ಬೀಸುತ್ತಿದ್ದರು. ಒಂದು ಕೈಯಲ್ಲಿ ಸೈಕಲ್ ಹೊಡೆಯುವುದನ್ನು ನಾನು ಕಲಿಸಿರಲಿಲ್ಲ.

ತಿರುವಿಗೆ ಬಂದವರೇ ಇಳಿದು, ಸ್ಟ್ಯಾಂಡ್ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿನ ಕಡೆ ಹೊರಟರು. ಬಸ್ಸಿನ ಲೈಟು ಮುಖಕ್ಕೆ ಬೀಳುತ್ತಿದ್ದದ್ದರಿಂದ ಒಳಗೆ ಯಾರೆಂದು ಅವರಿಗೆ ಕಾಣುವ ಹಾಗಿರಲಿಲ್ಲ.

"ಏನಪ್ಪಾ, ಅವಾಗಿಂದ ಕೈ ಮಾಡಾಕತ್ತೀನಿ ಮುಂದ ಹೋಗು ಅಂತ. ಕಣ್ಣು ಕಾಣಂಗಿಲ್ಲೇನು ನಿನಗ?"

ಬಸ್ಸಿನ ಲೈಟು ಕೆಳಗಾಯಿತು. ಮೇಲಿನಿಂದ, ಡ್ರೈವರ್ ಸೀಟಿನ ಕಿಟಕಿಯಿಂದ, ನಮ್ಮ ಮನೆಯವರು ತಲೆ ಹೊರಗೆ ಹಾಕಿದರು.

"ಕಾಣತೈತಿ ಯವ್ವಾ," ಅಂದರು. "ಕಮಲಾಪುರದಿಂದ ನೀ ಒಬ್ಬಾಕಿನ ಕಾಣಾಕತ್ತೀದಿ."

ಅತ್ತೆ ಸೈಕಲ್ಲಿನ ಹತ್ತಿರ ವಾಪಸ್ ಬಂದರು. ನಾನು ಎದುರಿಗೇ ನಿಂತಿದ್ದೆ. ಬೇಕಿಲ್ಲದಿದ್ದರೂ ನಾಲ್ಕು ಸಲ ಬೆಲ್ ಹೊಡೆದು, ಹತ್ತಿ, ಓಣಿಯೊಳಗೆ ಹೊರಟರು. ನಮ್ಮ ಮನೆಯವರು ಬಸ್ಸಿನ ಎಂಜಿನ್ ಬಂದ್ ಮಾಡಿ, ಆ ಕೆಂಪು ದೀಪ ಕಣ್ಣು ಹೊಡೆಯುತ್ತಾ ನಮ್ಮ ಮನೆಯ ಕಡೆ ತಿರುಗುವ ತನಕ ನೋಡುತ್ತಾ ಕೂತಿದ್ದರು.